ಪೈಪ್ ನಾರಾಯಣಪ್ಪನವರ ಅಂತಿಮ ದರ್ಶನ

ಊರಲ್ಲಿ ಯಾರಾದರೂ ದೊಡ್ಡವರು ತೀರಿಕೊಂಡರೆ ನನಗೆ ಅಳುವಿಗಿಂತ ಮೊದಲು ವಿಶೇಷಣಗಳು ಬರುತ್ತವೆ. ಮುಳಬಾಗಿಲಿನ ಕಾಲೇಜಿನಲ್ಲಿ ಅಷ್ಟು ವರ್ಷ ಕನ್ನಡ ಪಾಠ ಹೇಳಿದ್ದರ ಫಲ. ಕೊಡುಗೈ ದಾನಿ, ಅಜಾತಶತ್ರು, ತುಂಬಲಾರದ ನಷ್ಟ ಎಂದು ಎಷ್ಟು ಹೆಣಗಳ ಮುಂದೆ ಹೇಳಿದ್ದೇನೋ! ಅವರಲ್ಲಿ ಕೆಲವರು ಬದುಕಿದ್ದಾಗ ಭಿಕ್ಷುಕರನ್ನು ಕಂಡರೆ ಕಾರಿನ ಗಾಜು ಏರಿಸುತ್ತಿದ್ದವರು.

ನಾರಾಯಣಪ್ಪನವರಿಗೆ ಮಾತ್ರ ಆ ಮಾತುಗಳು ಅಳತೆ ತೆಗೆದು ಹೊಲಿದಂತೆ ಒಪ್ಪುತ್ತಿದ್ದವು. ಕೊಳವೆಬಾವಿಯ ಪೈಪು, ಪಂಪುಗಳ ದೊಡ್ಡ ವ್ಯಾಪಾರಿ. ಶಾಲೆಗೆ ಬೆಂಚು ಕೊಟ್ಟರು, ಆಸ್ಪತ್ರೆಗೆ ಮೋಟರು ಹಾಕಿಸಿದರು. ತಾಯಿ ಬಿರುಬೇಸಿಗೆಯಲ್ಲಿ ತೀರಿಹೋದಾಗ, ದೂರದಿಂದ ತಂಗಿ ಬರುವವರೆಗೆ ಹೆಣ ಕೆಡದಿರಲೆಂದು ಮಂಜುಗಡ್ಡೆಗಾಗಿ ಅಲೆದರಂತೆ. ಆಮೇಲೆ ಹೆಣ ಇಡುವ ತಣ್ಣನೆಯ ಪೆಟ್ಟಿಗೆಯೊಂದನ್ನು ತಂದು ತಾಲ್ಲೂಕಿಗೇ ಪುಕ್ಕಟೆ ಬಿಟ್ಟರು. ಉದ್ಘಾಟನೆಗೆ ಕರೆದರೆ, ಮೂತ್ರಾಲಯದ ರಿಬ್ಬನ್ನನ್ನೂ ಬಿಡದೆ ಕತ್ತರಿಸುವ ನಮ್ಮ ಗಣ್ಯರೆಲ್ಲರಿಗೂ ಅಂದೇ ಬೆಂಗಳೂರಿನಲ್ಲಿ ಕೆಲಸವಿತ್ತು!

ಕಳೆದ ವರ್ಷ ಅವರೇ ಆ ಪೆಟ್ಟಿಗೆಯಲ್ಲಿ ಮಲಗಿದರು. ಗಣ್ಯರು ಆ ದಿನ ಎಲ್ಲೂ ಹೋಗಲಿಲ್ಲ. ಗಂಟೆಯೊಳಗೆ ಅಂತಿಮ ದರ್ಶನ ಸಮಿತಿ ಎಂದೊಂದು ಹುಟ್ಟಿತು. ಯಾರ ಹಾರ ಮೊದಲು ಎಂದು ಅಂಗಳದಲ್ಲೇ ಎರಡು ಗುಂಪಾಯಿತು. ಮಾರನೆಯ ಬೆಳಿಗ್ಗೆ ಮಂತ್ರಿಗಳು ಬರುತ್ತಾರೆಂದೂ, ಅಲ್ಲಿಯವರೆಗೆ ಹೆಣ ಎತ್ತಕೂಡದೆಂದೂ ಸಮಿತಿ ತೀರ್ಮಾನಿಸಿತು. ಮರುದಿನ ನಾನು ಎರಡು ಪುಟದ ಭಾಷಣವನ್ನು ಜೇಬಿನಲ್ಲಿಟ್ಟುಕೊಂಡು ಹೋದೆ.

ಮಧ್ಯಾಹ್ನವಾದರೂ ಮಂತ್ರಿಗಳ ಪತ್ತೆಯಿಲ್ಲ. ಅಷ್ಟರಲ್ಲಿ ನಂಗಲಿಯಿಂದ ಗೂಡ್ಸ್ ಆಟೋದಲ್ಲಿ ಒಬ್ಬ ಬಂದು ಗೇಟಿನ ಬಳಿ ನಿಂತ. ಅಲ್ಲಿ ಹೆದ್ದಾರಿಯಲ್ಲಿ ಟೀ ಅಂಗಡಿ ಇಟ್ಟಿದ್ದ ಹೆಂಗಸೊಬ್ಬಳ ತಮ್ಮ.

"ನಮ್ಮಕ್ಕ ಬೆಳಗ್ಗೆ ಹೋಗ್ಬಿಟ್ಲು ಅಣ್ಣಾ. ಒಬ್ನೇ ಮಗ, ಲಾರಿ ತಗೊಂಡು ನಾಗಪುರಕ್ಕೆ ಹೋಗವ್ನೆ. ನಾಳೆ ಬರ್ತಾನೆ. ಪೆಟ್ಟಿಗೆ ಸಿಗ್ತದೇನೋ ಅಂತ..." ಎಂದವನು ಪೆಟ್ಟಿಗೆಯೊಳಗೆ ಮಲಗಿದ್ದವರನ್ನು ಕಂಡು ಮಾತು ನುಂಗಿಕೊಂಡ.

"ಲೇ, ಯಾವ ಹೊತ್ತಲ್ಲಿ ಏನ್ ಕೇಳ್ತಿದೀಯ? ನಡಿ ಆಚೆ," ಎಂದು ಸಮಿತಿಯ ಅಧ್ಯಕ್ಷರು ಗದರಿದರು.

ಗೋಡೆಗೊರಗಿ ಕೂತಿದ್ದ ನಾರಾಯಣಪ್ಪನವರ ಹೆಂಡತಿ ಸಾವಿತ್ರಮ್ಮ ಎದ್ದು ಬಂದರು. "ಇರಪ್ಪಾ, ಹೋಗ್ಬೇಡ. ನಮ್ಮೋರ್ನ ನೋಡ್ಬೇಕಾದೋರೆಲ್ಲ ನೋಡಾಯ್ತು. ಆಯಮ್ಮನ ಮಗ ಇನ್ನೂ ದಾರೀಲವ್ನೆ. ಪೆಟ್ಟಿಗೆ ತಗೊಂಡೋಗು."

"ಅಮ್ಮಾ, ಮಂತ್ರಿಗಳು ಆಗ್ಲೇ ಕೋಲಾರ ದಾಟವ್ರೆ..." ಎಂದರು ಅಧ್ಯಕ್ಷರು.

"ಬೆಳಗ್ಗೆಯಿಂದ ದಾಟ್ತಾನೇ ಅವ್ರಲ್ಲ ಸ್ವಾಮಿ," ಎಂದು ಆಕೆ ಪೈಪ್ ಅಂಗಡಿಯ ಆಳುಗಳ ಕಡೆ ತಿರುಗಿದರು. "ಎತ್ರಪ್ಪಾ ನಿಮ್ಮ ಯಜಮಾನ್ರನ್ನ."

ಎತ್ತಿಯೇಬಿಟ್ಟರು. ಪೆಟ್ಟಿಗೆ ನಂಗಲಿಯ ಕಡೆ ಹೋಯಿತು, ನಾರಾಯಣಪ್ಪನವರು ತಮ್ಮ ತೋಟದ ಕಡೆ ಹೋದರು. ಹೆಂಗಸರು ಮಣ್ಣಿಗೆ ಬರಬಾರದೆಂದು ಯಾರೋ ಗೊಣಗಿದ್ದಕ್ಕೆ ಕಿವಿಗೊಡದೆ ಸಾವಿತ್ರಮ್ಮನೂ ನಡೆದರು. ಸಮಿತಿ ಮಾತ್ರ ಅಲುಗಲಿಲ್ಲ. ಹೆಣವಿಲ್ಲದ ಶಾಮಿಯಾನದ ಕೆಳಗೆ ಶರ್ಟಿನ ಮಡಿಕೆ ಸರಿಮಾಡಿಕೊಳ್ಳುತ್ತ ಮಂತ್ರಿಗಳಿಗಾಗಿ ಕಾದು ಕೂತಿತು.

ಸಮಿತಿಯನ್ನು ಇಷ್ಟು ಹತ್ತಿರದಿಂದ ಬಲ್ಲೆನೇಕೆಂದರೆ, ಅದರ ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ಮಂತ್ರಿಗಳ ಎದುರು ಮಾತಾಡುವ ಅವಕಾಶ ನಮ್ಮಂಥವರಿಗೆ ದಿನಾ ಸಿಗುವುದಿಲ್ಲ ನೋಡಿ.

ನಾಲ್ಕು ಗಂಟೆಗೆ ಮಂತ್ರಿಗಳು ಬಂದರು. ಆಳುದ್ದದ ಹಾರ ಹಿಡಿದು ಸುತ್ತಲೂ ನೋಡಿ, "ಬಾಡಿ ಎಲ್ಲಿ?" ಎಂದರು. ಅಧ್ಯಕ್ಷರು ತೋಟದ ಕಡೆ ಕೈ ತೋರಿಸಿದರು. ಮಂತ್ರಿಗಳು ಹಾರವನ್ನು ಗನ್‌ಮ್ಯಾನ್ ಕೈಗೆ ಕೊಟ್ಟು, ಗಡಿಯಾರ ನೋಡಿಕೊಂಡು ಕಾರು ಹತ್ತಿದರು. ನನ್ನ ಭಾಷಣ ಜೇಬಿನಲ್ಲೇ ಬೆವರಿತು.

ಹನ್ನೊಂದನೆಯ ದಿನ ಊಟಕ್ಕೆ ಹೋಗಿದ್ದೆ. ಎಲೆ ಎಲೆಗೂ ವಿಚಾರಿಸುತ್ತ ಬಂದ ಸಾವಿತ್ರಮ್ಮ ನನ್ನ ಮುಂದೆ ನಿಂತರು. "ಮಣ್ಣಿಗೆ ನೀವು ಬಂದಂಗೆ ಕಾಣ್ಲಿಲ್ಲ, ಸಾರ್."

ಕನ್ನಡ ಮೇಷ್ಟ್ರಿಗೆ ಮಾತಿಗೇನು ಬರ? "ಬಂದಿದ್ದೆನಮ್ಮಾ," ಎಂದೆ. "ಜನ ಜಾಸ್ತಿ ಇತ್ತಲ್ಲ, ಎಲ್ಲರ ಹಿಂದೆ ಇದ್ದೆ."

"ಎಲ್ಲರ ಹಿಂದೆ ನಾನಿದ್ದೆ, ಸಾರ್," ಎಂದ ಆಕೆ, ಬಡಿಸುವವನನ್ನು ಕರೆದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.