ಸೀರೆ ಮೇಲೊಂದು ಕೋಟು

ನಮ್ಮ ಕಡೆ ಪಾಸ್‌ಪೋರ್ಟ್ ಫೋಟೊ ಅಂದ್ರೆ ಎಲ್ರಿಗೂ ಒಂದೇ ಕೋಟು. ಸ್ಟುಡಿಯೋ ಕಂಪ್ಯೂಟರಲ್ಲಿ ಕರಿ ಕೋಟು, ಕೆಂಪು ಟೈ ರೆಡಿ ಇರ್ತವೆ. ನೀವು ಬನೀನಲ್ಲಿ ಕೂತಿದ್ರೂ ಸರಿ, ತಲೆ ಕತ್ತರಿಸಿ ಅದ್ರ ಮೇಲೆ ಕೂರಿಸ್ತಾರೆ. ಬಿಸಿಲಲ್ಲಿ ಬೆಂದ ಮುಖಕ್ಕೆ ಸುಣ್ಣ ಬಳಿದಂಗೆ ಬೆಳ್ಳಗೆ ಮಾಡ್ತಾರೆ. ನಮ್ಮಪ್ಪಂದೂ ಹಾಲಿನ ಡೈರಿ ಸೆಕ್ರೆಟರಿದೂ ಒಂದೇ ಕೋಟು, ಅದೇ ಜಾಗದಲ್ಲಿ ಅದೇ ಸುಕ್ಕು.

ನಂಗೊಬ್ಳು ಗೆಳತಿ ಅವ್ಳೆ. ಚಂದಕವಾಡಿಯವಳು, ಚಾಮರಾಜನಗರದಲ್ಲಿ ಬ್ಲೌಸ್ ಹೊಲೀತಾಳೆ. ಸ್ಕೂಲಲ್ಲಿ ನನ್ ಪಕ್ಕ ಚಡ್ಡಿ ಹಾಕ್ಕೊಂಡು ಕೂರ್ತಿದ್ಲು, ಎಲ್ರೂ ಹುಡುಗ ಅಂದ್ಕೊಂಡಿದ್ದೊ. ಈಗ ಸೀರೆ. ಆದ್ರೆ ಹಳೇ ಆಧಾರ್ ಕಾರ್ಡಲ್ಲಿ ಮೀಸೆ. ಬಸ್ಸಲ್ಲಿ ಹೆಂಗಸ್ರ ಫ್ರೀ ಟಿಕೆಟ್ ಕೇಳುದ್ರೆ ಕಂಡಕ್ಟರು ಕಾರ್ಡ್ ನೋಡಿ, ಇವಳ ಮುಖ ನೋಡಿ, ಇಡೀ ಬಸ್ಸಿಗೆ ಕೇಳೋ ಹಂಗೆ "ಇದ್ಯಾರ್ದು?" ಅನ್ನೋದು. ಸಾಕಾಗಿ ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿಗೆ ಅರ್ಜಿ ಹಾಕಕ್ಕೆ ಹೊಂಟ್ಲು. ಅದ್ರಲ್ಲಾದ್ರೂ ತನ್ನ ಮುಖ ತನ್ನ ಥರಾನೇ ಇರ್ಬೇಕು ಅಂತ.

ಸೀರೆ ಉಟ್ಟು, ಕುಂಕುಮ ಇಟ್ಟು ಸ್ಟುಡಿಯೋಗೆ ಓಗಿ ಕೂತ್ಲು. ಓನರ್ ಒಳ್ಳೆ ಮನುಷ್ಯ. ಕೇಳ್ದಲೇ ಕುಂಕುಮ ಅಳಿಸಿ, ಕೂದ್ಲು ಗಿಡ್ಡ ಮಾಡಿ, ಸೀರೆ ಮೇಲೆ ಕೋಟು ಹಾಕಿ ಪ್ರಿಂಟ್ ಕೊಟ್ಬುಟ್ಟ. ಮಾರನೇ ದಿನ ನನ್ನೂ ಎಳ್ಕೊಂಡು ಜಗಳಕ್ಕೆ ಹೊಂಟ್ಲು.

"ಏನಣ್ಣ ಇದು?" ಅಂದ್ಲು.

"ಆಫೀಸಿಗೆ ಕೊಡೋ ಫೋಟೊ ಅಲ್ವಾ, ಗೌರವವಾಗಿರ್ಲಿ ಅಂತ ಕಣಪ್ಪ," ಅಂತ ಅವಳಿಗೇ ಅಂದ.

ಅವನ ತಲೆ ಮೇಲ್ಗಡೆ ಗೋಡೇಲಿ ದೊಡ್ಡ ಫೋಟೊ. ಮೂರು ವರ್ಷದ ಮಗು. ಲಂಗ, ಮೊಗ್ಗಿನ ಜಡೆ, ಕೆನ್ನೇಲಿ ದೃಷ್ಟಿಬೊಟ್ಟು. ಇವಳು ಅದನ್ನ ತೋರ್ಸಿ "ಮಗಳಾ ಅಣ್ಣ?" ಅಂದ್ಲು.

"ಏ, ಮಗ ಕಣಪ್ಪ! ಮುಡಿ ಕೊಡೋಕ್ ಮುಂಚೆ ತೆಗ್ದಿದ್ದು."

ಅದು ನಮ್ಮ ರೂಢಿ. ಗಂಡ್ಮಗೂಗೆ ಮೊದಲ ಕೂದ್ಲು ತೆಗ್ಸೋ ಮುಂಚೆ ಹೆಣ್ಣಿನ ಥರ ಸಿಂಗಾರ ಮಾಡಿ ಫೋಟೊ ತೆಗ್ಸೋದು. ನಂದೂ ಒಂದದೆ, ಬೀರು ಒಳಗೆ.

"ಚೆಂದಾಗವ್ನೆ," ಅಂದ್ಲು. "ಮೂರು ವರ್ಷಕ್ಕೆ ಜಡೆ, ಇಪ್ಪತ್ತೈದಕ್ಕೆ ಕೋಟು. ಮಧ್ಯ ಯಾವ ವರ್ಷ ಲಂಗ ಬಿಚ್ಬೇಕು ಅಂತ ಒಂದ್ ಬೋರ್ಡ್ ಬರ್ಸಿ ಹಾಕ್ಬುಡಿ ಅಣ್ಣ."

ಓನರ್‌ಗೆ ತಟ್ಟಂತ ಒಳಗೇನೋ ಕೆಲಸ ಜ್ಞಾಪಕ ಬಂತು.

"ಬುಡು ಕಣಮ್ಮಿ, ನಾನ್ ತೆಗೀತೀನಿ," ಅಂದೆ. ನಾನು ಅಂದ್ರೆ ಫೋನಲ್ಲಿ ವಿಡಿಯೋ ನೋಡಿ ಫೋಟೊಗ್ರಫಿ ಕಲ್ತು, ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಹಿಡ್ಕೊಂಡು ಗುಂಡ್ಲುಪೇಟೆ ಸೂರ್ಯಕಾಂತಿ ಹೊಲದಲ್ಲಿ ಮದುವೆ ಜೋಡಿಗಳ ಫೋಟೊ ತೆಗೆಯೋ ಮಹಾನ್ ಕಲಾವಿದ. ಗಂಡು ಕೈ ಕಟ್ಕೊಂಡು ಆಕಾಶ ನೋಡ್ಬೇಕು, ಹೆಣ್ಣು ನಾಚ್ಕೊಂಡು ಗಂಡನ್ನ ನೋಡ್ಬೇಕು, ನಂಗೆ ಗೊತ್ತಿದ್ದಿದ್ದೇ ಅಷ್ಟು. ಆದ್ರೆ ಆ ತಿಂಗ್ಳು ಫಾರಿನ್ನೋರ ಫ್ಯಾಷನ್ ಫೋಟೊ ಬಾಳ ನೋಡ್ಬುಟ್ಟಿದ್ದೆ. ಗಂಡು, ಹೆಣ್ಣು, ಗುರುತು ಅಂತೆಲ್ಲ ತಲೇಲಿ ಗುಂಯ್‌ಗುಟ್ತಿತ್ತು.

ಗುಂಡ್ಲುಪೇಟೆ ಆಚೆ, ಬಂಡೀಪುರ ರೋಡ್ ಪಕ್ಕದ ಹೊಲದಲ್ಲಿ ಅವಳ್ನ ನಿಲ್ಲಿಸ್ದೆ. ಸೀರೆ ಮೇಲೆ ಒಂದ್ ತೋಳಿಗೆ ನನ್ ಶರ್ಟು ತೂರಿಸ್ದೆ. ಅರ್ಧ ಮುಖಕ್ಕೆ ನೆರಳು. ನಲವತ್ತು ಫೋಟೊ ಹೊಡ್ದೆ. ಹೊಲದ ಅವ್ವ ಕಳೆ ಕೀಳ್ತಾ ಕೂಗುದ್ಲು, "ಏನ್ಲಾ, ಆ ಹೆಣ್ಣಿಗೆ ಅರ್ಧ ಅಂಗಿ ಇಕ್ಸಿದೀಯ, ಬಟ್ಟೆ ಸಾಲ್ಲಿಲ್ವಾ?"

ಗೆಳತಿಗೆ ತೋರಿಸ್ದೆ.

"ಇದ್ರಲ್ಲಿ ನಾನೆಲ್ಲಿದೀನಿ?"

"ಇದು ಕಾನ್ಸೆಪ್ಟು. ಒಳಗಿನ ದ್ವಂದ್ವ..."

"ಯಾರೊಳಗೆ? ನಂಗ್ಯಾವ ದ್ವಂದ್ವನೂ ಇಲ್ಲ ಕಣ್ಲಾ, ಇದ್ರೆ ನಿಂಗದೆ. ಆವಣ್ಣ ಪೂರ್ತಿ ಕೋಟು ಹಾಕ್ದ, ನೀನು ಅರ್ಧ ಶರ್ಟು. ಇಬ್ರಲ್ಲಿ ಅವನೇ ವಾಸಿ, ಮುಖನಾದ್ರೂ ಕಾಣ್ತಿತ್ತು."

ಶರ್ಟು ವಾಪಸ್ ಇಸ್ಕೊಂಡೆ. ಹೊಲದ ಪಂಪ್‌ಹೌಸಿನ ಬಿಳಿ ಗೋಡೆ ಮುಂದೆ ಅವಳೇ ಓಗಿ ನಿಂತ್ಲು, ಸೆರಗು ಸರಿ ಮಾಡ್ಕೊಂಡು ನೆಟ್ಟಗೆ ಕ್ಯಾಮೆರಾ ನೋಡುದ್ಲು. ಗದ್ದ ಎತ್ತು ಅನ್ನಕ್ಕೆ ನಾಲಿಗೆ ಕಡೀತಿತ್ತು, ತಡ್ಕೊಂಡೆ. ಒಂದೇ ಕ್ಲಿಕ್ಕು. ಹೊಲಿಗೆ ನೋಡೋ ಥರ ಫೋಟೊ ದೊಡ್ಡದು ಮಾಡಿ ಮಾಡಿ ನೋಡಿ, "ಹೂಂ, ಇದು ನಾನು," ಅಂದ್ಲು.

ಗುಂಡ್ಲುಪೇಟೆಗೆ ಬಂದು, ಆನ್‌ಲೈನಲ್ಲಿ ಅರ್ಜಿ ಹಾಕ್ಸಕ್ಕೆ ಸೈಬರ್ ಸೆಂಟರಲ್ಲಿ ಕ್ಯಾಮೆರಾದ ಮೆಮೊರಿ ಕಾರ್ಡ್ ಕೊಟ್ಟೊ. ಅಲ್ಲಿದ್ದೋನು ಫೋಟೊ ಬಿಚ್ಚಿ, "ಅಕ್ಕ, ವಸಿ ಬೆಳ್ಳಗೆ ಮಾಡ್ಬುಡ್ಲಾ?" ಅಂದ.

"ಮುಟ್ಟುದ್ರೆ ಬೆರಳು ಮುರೀತೀನಿ. ಇದ್ದಂಗೇ ಹಾಕು."

ಹಾಕ್ದ. ಅವನ ಕೈನ ಮೌಸ್‌ನಿಂದ ಆಚೆ ತಳ್ಳಿ, ಫೋಟೊ ಅಪ್‌ಲೋಡ್ ಆಗಿ ಸ್ಕ್ರೀನಲ್ಲಿ ಗುಂಡಗೆ ಸುತ್ತೋದು ನಿಲ್ಲೋವರ್ಗೂ ಅವಳೇ ಕಾವಲು ಕೂತ್ಲು.