ಬಾರದವಳ ಮೂಟೆ

ಗೆಳೆಯರೇ, ಇವತ್ತು ಸಂಜೆ ಹಾನುಬಾಳಿನ ನಮ್ಮ ಎಸ್ಟೇಟಿನಲ್ಲಿ ಕಾಫಿ ಹಣ್ಣು ತೂಗುವಾಗ ಗಿರಿಜಾ ಹೆಸರಿನಲ್ಲೂ ಒಂದು ಮೂಟೆ ಬಂತು. ಗಿರಿಜಾ ಕೆಲಸಕ್ಕೇ ಬಂದಿರಲಿಲ್ಲ. ತೂಕದ ಲೆಕ್ಕ ಬರೆಯುವ ರೈಟರ್ ಆದ ನಾನು ರೇಗಿದೆ: "ಯಾರಿಗೆ ಮೋಸ ಮಾಡ್ತೀರಾ?"

ಹಣ್ಣು ಕುಯ್ಯುವ ಹೆಂಗಸರ ಪೈಕಿ ಕೆಂಚಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ಮಗಳ ಫಿಟ್ಸ್ ಮಾತ್ರೆ ತರಕ್ಕೆ ಹಾಸನಕ್ಕೆ ಹೋಗವ್ಳೆ ಕಣ್ರೀ. ಇವತ್ತಿನ ಕೂಲಿ ಹೋದ್ರೆ ಮುಂದಿನ ತಿಂಗಳ ಮಾತ್ರೆಗೆ ದುಡ್ಡೆಲ್ಲೈತೆ? ಒಂದಿನ ಮಾತ್ರೆ ತಪ್ಪಿದ್ರೂ ಮಗು ಬಿದ್ಬುಡ್ತದೆ. ಅದ್ಕೇ ಎಂಟು ಜನಾನೂ ಅವಳಿಗೆ ಒಂದೊಂದು ಬುಟ್ಟಿ ಮುಯ್ಯಿ ಕುಯ್ದಿದ್ದೀವಿ."

"ಈ ಮುಯ್ಯಿ ಅವಳು ಹೆಂಗೆ ತೀರಿಸ್ತಾಳೆ?"

"ಆ ಮಗು ಬೀಳ್ದಂಗೆ ಇಸ್ಕೂಲಿಗೆ ಹೋಗ್ಲಿ, ತೀರ್ತು."

ಮೂಟೆ ತೂಗಿ, ತಕ್ಕಡಿಯನ್ನು ಎರಡು ಸಲ ನೋಡಿದೆ. ಈ ಕುಯ್ಲಿನಲ್ಲಿ ಗಿರಿಜಾ ಅತಿ ಹೆಚ್ಚು ಹಣ್ಣು ಕುಯ್ದದ್ದು ಅವಳು ಬಾರದ ದಿನ!