ಆಫ್ಟರ್ ದಟ್ ಮಾಸ್ತರು

ಮಾನ್ವಿಯಲ್ಲಿ ಗುಲಾಮ್ ದಸ್ತಗೀರ್ ಮಾಸ್ತರ ಇಂಗ್ಲಿಷ್ ಟ್ಯೂಷನ್ನಿಗೆ ಹೋದವರು ಯಾರೂ ಕತೆಯನ್ನು ಅರ್ಧಕ್ಕೆ ನಿಲ್ಲಿಸಿ ಬಚಾವಾದದ್ದಿಲ್ಲ. ಮನೆಯಲ್ಲಿ ನಡೆದ ಒಂದು ಸಂಗತಿ ಹೇಳಬೇಕು. ಅದರ ಬೆನ್ನಿಗೆ ಏನೇನಾಯಿತೋ ಅಷ್ಟೂ ಇಂಗ್ಲಿಷಿನಲ್ಲೇ ಬರಬೇಕು. ದೆನ್, ಸೂನ್ ಆಫ್ಟರ್, ಆ್ಯನ್ ಅವರ್ ಲೇಟರ್, ನೆಕ್ಸ್ಟ್ ಡೇ. ಎಮ್ಮೆ ಕಳೆದುಹೋಯಿತು ಎಂದಷ್ಟೇ ಹೇಳಿ ಕೂತರೆ ಮಾಸ್ತರು ಬಿಡುವವರೇ?

"ಆಫ್ಟರ್ ದಟ್? ಎಮ್ಮಿ ಸಿಗೂ ಮಟ ಯಾರೂ ಮನಿಗಿ ಹೋಗಂಗಿಲ್ಲ!"

ಊರು ಅವರಿಗೆ ಆಫ್ಟರ್ ದಟ್ ಮಾಸ್ತರು ಎಂದೇ ಹೆಸರಿಟ್ಟಿತ್ತು.

ಆ ಹಟದ ಬೇರು ಇದ್ದದ್ದು ದೇವದುರ್ಗದಲ್ಲಿ. ಹೆಂಡತಿ ಜೈಬುನ್ನೀಸಾ ಹೆತ್ತ ದಿನ ಸೂಲಗಿತ್ತಿ ಹೊರಗೆ ಬಂದು, "ಹೆಣ್ಣು ಕೂಸ್ರಿ. ಆಮ್ಯಾಲ..." ಎಂದವಳು ಮುಂದೆ ಹೇಳಲಾರದೆ ಬಾಯಿಗೆ ಸೆರಗು ಒತ್ತಿಕೊಂಡು ಕೂತುಬಿಟ್ಟಳು. ತಾಯಿಯಿಲ್ಲದ ಆ ಕೂಸು ಸುಗ್ರಾಳನ್ನು ಎತ್ತಿಕೊಂಡೇ ಮಾಸ್ತರು ಮಾನ್ವಿಗೆ ಬಂದದ್ದು. ಅರ್ಧಕ್ಕೆ ನಿಂತ ಮಾತೆಂದರೆ ಅಂದಿನಿಂದ ಅವರಿಗೆ ಹೆದರಿಕೆ.

ಎಪ್ಪತ್ತಾರನೇ ಇಸವಿಯಲ್ಲಿ ಹಿರೇಕೊಟ್ನೆಕಲ್ಲಿನ ಕುರಿಗಾರರ ಮಗಳು ಗೋಪಮ್ಮ ಕಲಿಯಲು ಬಂದಳು. ರಾಯಚೂರಿನಲ್ಲಿ ನರ್ಸ್ ತರಬೇತಿಗೆ ಸೇರುವ ಆಸೆ ಅವಳದು. ಬಲು ಚುರುಕು. ಆದರೆ ಅವಳ ಮನೆಯಲ್ಲಿ ದಿನ ಎಣಿಸುತ್ತಿದ್ದದ್ದು ಸಂತೆಯಿಂದ ಸಂತೆಗೆ. ಅಪ್ಪನ ಜ್ವರದ ಕತೆ ಹೇಳುತ್ತ, "ಆಫ್ಟರ್ ಟೂ ಸಂತಿ, ಫೀವರ್ ವೆಂಟ್" ಎಂದಳು. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು.

"ಸಂತಿ ಅಲ್ಲವ್ವಾ, ಟೂ ವೀಕ್ಸ್. ಡಾಕ್ಟ್ರಿಗೆ ನಿಮ್ಮ ಸಂತಿ ಏನ್ ಗೊತ್ತು?"

"ಯಾಕ್ರಿ ಸರ, ಅವರು ಉಳ್ಳಾಗಡ್ಡಿ ತಿನ್ನಂಗಿಲ್ಲೇನ್ರಿ?"

ಮಾಸ್ತರ ಕಣ್ಣಲ್ಲಿ ನಕ್ಕು ನಕ್ಕು ನೀರು ಬಂತು. ಆದರೂ ವೀಕ್ಸ್ ಎಂದು ಹತ್ತು ಸಲ ಬರೆಸಿದರು.

ಎಂಬತ್ಮೂರರಲ್ಲಿ ಸುಗ್ರಾ ಹೆರಿಗೆಗೆ ತವರಿಗೆ ಬಂದಳು. ಒಂದು ಮಧ್ಯಾಹ್ನ ನೋವು ಶುರುವಾಗಿ ಆಸ್ಪತ್ರೆಗೆ ಕರೆತಂದರೆ, ಬಿಳಿ ಸೀರೆಯಲ್ಲಿ ಎದುರಾದವಳು ಗೋಪಮ್ಮ. ಮಾಸ್ತರು ಅವಳ ಮುಂದೆ ಕೈ ಮುಗಿದರು.

"ಏನೇ ಆಗ್ಲಿ, ಪೂರಾ ಹೇಳಬೇಕವ್ವಾ. ಅರ್ಧಕ್ಕ ನಿಂದರಬ್ಯಾಡ."

ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಕೂತ ಮಾಸ್ತರಿಗೆ ಕೂಸಿನ ಅಳು ಕೇಳಿತಾದರೂ ಜೀವಕ್ಕೆ ಸಮಾಧಾನವಾಗಲಿಲ್ಲ. ಅಳು ದೇವದುರ್ಗದಲ್ಲೂ ಕೇಳಿತ್ತಲ್ಲ! ಗೋಪಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಹೆಣ್ಣು ಕೂಸ್ರಿ ಸರ."

ಮಾಸ್ತರ ಬಾಯಿಂದ "ಆಫ್ಟರ್ ದಟ್?" ಎಂಬುದು ಹೇಗೋ ಹೊರಗೆ ಬಂತು.

ಗೋಪಮ್ಮ ಟ್ಯೂಷನ್ನಿನಲ್ಲಿ ನಿಲ್ಲುತ್ತಿದ್ದಂತೆಯೇ ಕೈಕಟ್ಟಿ ನಿಂತಳು. "ದೆನ್, ಬೇಬಿ ಕ್ರೈಡ್. ಸೂನ್ ಆಫ್ಟರ್, ಸುಗ್ರಾ ಸ್ಮೈಲ್ಡ್. ಫೈವ್ ಮಿನಿಟ್ಸ್ ಲೇಟರ್, ಶೀ ಆಸ್ಕ್ಡ್ ಫಾರ್ ಟೀ. ಆಫ್ಟರ್ ಒನ್ ಸಂತಿ, ಬೋತ್ ವಿಲ್ ಗೋ ಹೋಮ್."

ಮಾಸ್ತರು ಹೆಗಲ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಸಂತೆಯನ್ನು ತಿದ್ದಲಿಲ್ಲ. ಮಗಳಿಗೆ ಚಹಾ ತರಲು ಎದ್ದು ನಡೆದರು.